ಪೂಜೆಗೆ ಮುಂಚಿನ ಬೆಲ್ಲ

ಕಳೆದ ಚಳಿಗಾಲದಲ್ಲಿ ಸಂಬಂಧಿಕರ ಮದುವೆಯ ನಿಮಿತ್ತ ಜೇವರ್ಗಿಗೆ ಹೋಗಿದ್ದೆ. ಮರಳುವಾಗ ಬಸ್ ನಿಲ್ದಾಣದ ಗೋಡೆಯ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಹಸಿ ತೊಗರಿಕಾಯಿಯನ್ನು ಉಪ್ಪು ಹಾಕಿ ಕುದಿಸಿ ಮಾರುತ್ತಿದ್ದಳು. ಪಾತ್ರೆಯ ಮುಚ್ಚಳ ತೆಗೆದೊಡನೆ ಹಬೆಯ ಜೊತೆಗೆ ಎದ್ದ ವಾಸನೆಯು ನನ್ನನ್ನು ನಿಂತಲ್ಲಿಯೇ ನಿಲ್ಲಿಸಿತು. ಸದರಿ ವಾಸನೆಯು ನನ್ನ ಪಾಲಿಗೆ ಒಂದು ನಿರ್ದಿಷ್ಟ ಹಂಗಾಮಿಗೆ ಸೇರಿದ್ದಾಗಿದೆ. ಎಂಬತ್ತರ ದಶಕದ ಮಧ್ಯಭಾಗದಲ್ಲಿ, ನಾನು ಅಫಜಲಪುರದ ಟೆಲಿಫೋನ್ ಕೇಂದ್ರದಲ್ಲಿ ಆಪರೇಟರ್ ಆಗಿ ಸೇವೆಯಲ್ಲಿದ್ದಾಗ, ಹೊಸ ತೊಗರಿ ಪೇಟೆಗೆ ಬಂದ ಆ ಮೂರು ತಿಂಗಳುಗಳಲ್ಲಿ ನಾನು ನೌಕರಿಯನ್ನು ಬಿಡುವುದೆಂದು ತೀರ್ಮಾನಿಸಿಕೊಂಡಿದ್ದೆ. ಬಿಡಲಿಲ್ಲ. ಏಕೆ ಬಿಡಲಿಲ್ಲ ಎಂಬುದನ್ನು ಇಲ್ಲಿ ಕ್ರಮವಾಗಿ ನಿವೇದಿಸಲು ಪ್ರಯತ್ನಿಸಿದ್ದೇನೆ. ಇದುವರೆಗೆ ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದವಳಲ್ಲವಾದ್ದರಿಂದ, ಮಾತು ಎಲ್ಲಿಯಾದರೂ ಅತಿಯಾದರೆ ಅಥವಾ ಕಡಿಮೆಯಾದರೆ ಓದುವವರು ಮನ್ನಿಸಬೇಕಾಗಿ ವಿನಂತಿ.

ನಮ್ಮ ಕೇಂದ್ರವು ಪೇಟೆಯ ಹಿಂಬದಿಯಲ್ಲಿದ್ದ ಎರಡು ಕೋಣೆಗಳ ಕಟ್ಟಡ. ಈಗಿನವರಿಗೆ ಅದರ ಕೆಲಸದ ರೀತಿ ಗೊತ್ತಿರಲಿಕ್ಕಿಲ್ಲ. ಊರಿನಲ್ಲಿ ಯಾರಾದರೂ ತಮ್ಮ ಫೋನಿನ ಹಿಡಿಕೆಯನ್ನು ತಿರುಗಿಸಿದರೆ ನನ್ನೆದುರಿನ ಬೋರ್ಡಿನ ಮೇಲೆ ಅವರ ನಂಬರಿನ ಪುಟ್ಟ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ನಾನು ಒಂದು ವೈರನ್ನು ಆ ನಂಬರಿನ ತೂತಿಗೆ ಚುಚ್ಚಿ, “ನಂಬರ್ ಹೇಳ್ರಿ” ಎಂದು ಕೇಳಿ, ಇನ್ನೊಂದು ತುದಿಯನ್ನು ಅವರು ಹೇಳಿದ ನಂಬರಿಗೆ ಚುಚ್ಚಬೇಕು. ಪರಸ್ಥಳವಾದರೆ ಟ್ರಂಕ್ ಕಾಲ್. ಬರೆದುಕೊಂಡು, ಸರದಿ ಬಂದಾಗ ಗುಲಬರ್ಗಾಕ್ಕೋ ಸೊಲ್ಲಾಪುರಕ್ಕೋ ಹಚ್ಚಿಕೊಡಬೇಕು. ಅವಸರದವರಿಗೆ ಅರ್ಜೆಂಟ್ ಕಾಲ್, ಅದಕ್ಕೂ ಅವಸರದವರಿಗೆ ಲೈಟ್ನಿಂಗ್ ಕಾಲ್. ಊರಿನವರಲ್ಲಿ ಬಹುಪಾಲು ಜನರಿಗೆ ನನ್ನ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ಒಮ್ಮೆ ಬಟ್ಟೆ ಅಂಗಡಿಯಲ್ಲಿ ನಾನು “ಇನ್ನೊಂದು ತೋರಸ್ರಿ” ಎಂದಾಗ ಅಂಗಡಿಯವರು ಸೀರೆ ಕೆಳಗಿಟ್ಟು, “ಓ, ಎಕ್ಸಚೇಂಜ್ ಬಾಯಾರು!” ಎಂದು ಎದ್ದು ನಿಂತಿದ್ದರು. ನನಗೆ ಆ ನೌಕರಿ ಬಹಳ ಇಷ್ಟವಾಗಿತ್ತೆಂದು ತಿಳಿಸಲು ಇಷ್ಟು ಸಾಕು.

ಆ ವರ್ಷದ ಮಳೆಗಾಲದಲ್ಲಿ ನನಗೆ ಬಾಯಾರಿಕೆ ಹೆಚ್ಚಾಯಿತು. ಕುಪ್ಪಸಗಳು ಸಡಿಲವಾದವು. ಗುಲಬರ್ಗಾದ ಡಾಕ್ಟರರು ಪರೀಕ್ಷಿಸಿ, ಸಕ್ಕರೆ ಕಾಯಿಲೆ ಎಂದರು. ಆಗ ನನಗೆ ಮೂವತ್ತೈದೂ ತುಂಬಿರಲಿಲ್ಲ. ನಮ್ಮ ಕಡೆ ಅದನ್ನು ಕುಳಿತು ಉಣ್ಣುವ ಸಾಹುಕಾರರ ಬ್ಯಾನಿ ಎಂದು ತಿಳಿಯುತ್ತಿದ್ದ ಕಾಲವದು. ಡಾಕ್ಟರರು ಒಂದು ಗುಳಿಗೆಯನ್ನು ಬರೆದುಕೊಟ್ಟು, ಮುಂಜಾನೆ ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೆಂದು ಹೇಳಿದರು. ಹೊರಗೆ ಜನ ಬಹಳ ಇದ್ದುದರಿಂದ ನಾನು ಬೇರೇನೂ ಕೇಳದೆ ನಮಸ್ಕಾರ ಮಾಡಿ ಬಂದೆ.

ಇಲ್ಲಿ ನಮ್ಮ ಮನೆಯ ಪದ್ಧತಿಯನ್ನು ಹೇಳುವುದು ಅವಶ್ಯ. ನಮ್ಮಲ್ಲಿ ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ತನಕ ನೀರಿನ ಹೊರತು ಬಾಯಿಗೆ ಏನನ್ನೂ ಹಾಕುವುದಿಲ್ಲ. ನನ್ನ ಡ್ಯೂಟಿ ನಸುಕಿನ ಆರಕ್ಕೆ ಆರಂಭವಾಗಿ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತಿತ್ತು. ನಲ್ಲಿಗೆ ನೀರು ಬರುತ್ತಿದ್ದುದು ಬಿಸಿಲು ಏರಿದ ಮೇಲೆ. ಅದಲ್ಲದೆ ನಮ್ಮ ಅತ್ತೆಯವರಾದ ಗುರಮ್ಮನವರು, “ಗಡಿಯಾರ ನೋಡ್ಕೋತ ಲಿಂಗ ಹಿಡೀಬಾರ್ದು ಬೇ. ಮನಿಗಿ ಬಂದ ಮ್ಯಾಲ ಸಮಾಧಾನಲೆ ಕುಂಡ್ರು” ಎಂದು ನಾನು ಸೇವೆಗೆ ಸೇರಿದ ಹೊಸದರಲ್ಲಿಯೇ ಹೇಳಿದ್ದರು. ಆದ್ದರಿಂದ ನನ್ನ ಸ್ನಾನ, ಪೂಜೆ, ಊಟ ಎಲ್ಲವೂ ಡ್ಯೂಟಿ ಮುಗಿದ ನಂತರ. ಆರೋಗ್ಯವಿದ್ದಾಗ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಗುಳಿಗೆ ಬಂದ ಮೇಲೆ ನಾನು ವಿಚಾರ ಮಾಡಿದೆ. ಊಟಕ್ಕೆ ಮುಂಚೆ ಎಂದಿದ್ದಾರೆ. ಮುಂಜಾನೆ ಎಂದೂ ಹೇಳಿದ್ದಾರೆ. ಗುಳಿಗೆ ಅನ್ನವಲ್ಲ, ಔಷಧ. ಪೂಜೆಗೆ ಮುಂಚೆ ನುಂಗಿದರೆ ದೋಷವಿಲ್ಲ. ನಸುಕಿನಲ್ಲಿ ಎದ್ದೊಡನೆ ನೀರಿನ ಜೊತೆ ನುಂಗಿಬಿಟ್ಟರೆ ಮರೆಯುವ ಭಯವೂ ಇಲ್ಲ. ನಮ್ಮ ಇಲಾಖೆಯಲ್ಲಿ ಯಾವುದೇ ಕೆಲಸವನ್ನು ಗಡುವಿಗಿಂತ ಎಷ್ಟು ಮುಂಚೆ ಮಾಡಿದರೂ ತಪ್ಪಿಲ್ಲ, ತಡವಾದರೆ ಮಾತ್ರ ತಪ್ಪು. ಹೀಗೆ ಗುಳಿಗೆ ಐದು ಗಂಟೆಗೆ, ಊಟ ಒಂದೂವರೆಗೆ ಎಂಬ ವ್ಯವಸ್ಥೆ ಜಾರಿಗೆ ಬಂತು. ಡಾಕ್ಟರರ ಮಾತಿಗೂ ಅತ್ತೆಯವರ ಮಾತಿಗೂ ಭಂಗ ಬರದಂತೆ ನಡೆದುಕೊಂಡೆನೆಂಬ ಸಮಾಧಾನ ನನಗಿತ್ತು.

ದೀಪಾವಳಿ ಕಳೆಯುವಷ್ಟರಲ್ಲಿ ನನ್ನ ಮೈಯಲ್ಲಿ ಕಸುವು ಉಳಿಯಲಿಲ್ಲ. ಒಂಬತ್ತು ಗಂಟೆಯ ನಂತರ ಕೈಯಲ್ಲಿನ ವೈರು ಬಾವಿಯ ಹಗ್ಗದಂತೆ ಭಾರವಾಗುತ್ತಿತ್ತು. ಚಳಿಯಲ್ಲಿಯೂ ಬೆವರು ಬರುತ್ತಿತ್ತು. ಮನೆಗೆ ಬಂದು ಉಂಡು ಮಲಗಿದರೆ ಸಂಜೆಗೆ ಏಳಲು ಮನಸ್ಸಾಗುತ್ತಿರಲಿಲ್ಲ. ಮೈಯ ದಣಿವನ್ನಾದರೂ ಹೇಳಿಕೊಳ್ಳಬಹುದಿತ್ತು. ಅದರ ಹಿಂದೆಯೇ ಬಂದ ಇನ್ನೊಂದಕ್ಕೆ ನನ್ನಲ್ಲಿ ಹೆಸರಿರಲಿಲ್ಲ. ಹಾಡು ಕೇಳಬೇಕೆನಿಸುತ್ತಿರಲಿಲ್ಲ, ಜಡೆ ಹಾಕಿಕೊಳ್ಳಬೇಕೆನಿಸುತ್ತಿರಲಿಲ್ಲ. ಮಗಳು ಶಾಲೆಯಲ್ಲಿ ಓಟದ ಪಂದ್ಯದಲ್ಲಿ ಗೆದ್ದ ಬಹುಮಾನ ತಂದು ತೋರಿಸಿದಾಗ “ಛಲೋ ಆತು” ಎಂದೆ. ಅವಳು ಅಡುಗೆಮನೆಗೆ ಹೋಗಿ ಅಜ್ಜಿಯ ಮುಂದೆ, “ಅವ್ವ ನನ್ನ ಜೊತೀನೂ ಟ್ರಂಕ್ ಕಾಲ್ ಮಾತಾಡ್ದಂಗ ಮಾತಾಡ್ತಾಳ” ಎಂದು ಹೇಳಿದ್ದು ನನಗೆ ಕೇಳಿಸಿತು. ಕೇಳಿಸಿದರೂ ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಲು ಆಗಲಿಲ್ಲ. ಸಕ್ಕರೆ ಹೆಚ್ಚಾಗಿರಬೇಕೆಂದು ನಾನೇ ತೀರ್ಮಾನಿಸಿ, ಊಟದಲ್ಲಿ ಒಂದು ರೊಟ್ಟಿಯನ್ನು ಕಡಿಮೆ ಮಾಡಿದೆ. ಕಡಿಮೆ ಮಾಡಿದಷ್ಟೂ ದಣಿವು ಹೆಚ್ಚಾಯಿತು. ದಣಿವು ಹೆಚ್ಚಾದಷ್ಟೂ ಇನ್ನಷ್ಟು ಕಡಿಮೆ ಮಾಡಿದೆ.

ಎಳ್ಳಮಾವಾಸ್ಯೆಯ ದಿನ ನನ್ನ ಡ್ಯೂಟಿ ಮುಗಿದ ಮೇಲೆ ಪಕ್ಕದ ಮನೆಯವರು ನಮ್ಮನ್ನು ಹೊಲಕ್ಕೆ ಊಟಕ್ಕೆ ಕರೆದುಕೊಂಡು ಹೋದರು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಎಲ್ಲವೂ ಇದ್ದವು. ಸುತ್ತಲೂ ತೊಗರಿ ಎದೆಯೆತ್ತರ ನಿಂತಿತ್ತು. ಎಲ್ಲರೂ ಭೂಮಿತಾಯಿಗೆ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲುತ್ತ ತಿರುಗುತ್ತಿದ್ದರೆ ನಾನು ಬಂಡಿಯ ನೆರಳಿನಲ್ಲಿ ಮಲಗಿದ್ದೆ. ಪಕ್ಕದ ಮನೆಯಾಕೆ ನಮ್ಮ ಅತ್ತೆಯವರ ಕಿವಿಯಲ್ಲಿ, ಆದರೆ ನನಗೂ ಕೇಳುವಂತೆ ಹೇಳಿದರು:

“ಗುರಮ್ಮಕ್ಕ, ಇದು ಬ್ಯಾನಿ ಅಲ್ಲ, ಗಾಳಿ. ನಸುಕಿನ್ಯಾಗ ಒಬ್ಬಾಕಿನೇ ಹೋಗ್ತಾಳ ನೋಡು. ಗಾಣಗಾಪುರಕ್ಕ ಕರಕೊಂಡು ಹೋಗಿ ಒಂದು ಹುಣ್ಣಿವಿ ಕುಂಡ್ರಸು.”

“ನಮ್ಮ ಸೊಸಿಗಿ ಹಿಡದಿದ್ದು ದೆವ್ವ ಅಲ್ಲ ತಗಿ,” ಎಂದರು ಅತ್ತೆಯವರು. “ಟ್ರಂಕ್ ಕಾಲ್ ಹಿಡದದ. ದೆವ್ವ ಆದ್ರ ಅಮಾಸಿಗೊಮ್ಮೆ ಆದ್ರೂ ಸೂಟಿ ಕೊಡ್ತಿತ್ತು.”

ಎಲ್ಲರೂ ನಕ್ಕರು. ಆದರೆ ಮನೆಗೆ ಬರುವ ದಾರಿಯಲ್ಲಿ ಅತ್ತೆಯವರು ಬಂಡಿಯಲ್ಲಿ ನನ್ನ ಪಕ್ಕಕ್ಕೆ ಸರಿದು ಕುಳಿತು, ನನ್ನ ಪಾದಗಳನ್ನು ತಮ್ಮ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದರು.

ನಮ್ಮ ಯಜಮಾನರು ಆಳಂದ ತಾಲೂಕಿನ ಮಾದನಹಿಪ್ಪರಗಾದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದರು. ಆ ಶನಿವಾರ ನನ್ನ ಮುಖ ನೋಡಿ, “ಸಾಕು ಬಿಡು. ಎಲ್ಲಾರೂ ಅಲ್ಲೇ ಬಂದು ಇರ್ರಿ. ಒಬ್ಬರ ಪಗಾರದಾಗ ಸಂಸಾರ ಮಾಡಿದವ್ರು ಊರಾಗ ಯಾರೂ ಇಲ್ಲೇನು?” ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹಿಂದೆ ಅವರು ಇದೇ ಮಾತು ತೆಗೆದಾಗ ಜಗಳವಾಡಿದ್ದೆ. ಈ ಸಲ, “ತೊಗರಿ ಹಂಗಾಮು ಮುಗೀಲಿ, ಬಿಡ್ತೇನಿ” ಎಂದೆ. ಹಾಗೆ ಹೇಳುವಾಗ ನನಗೆ ದುಃಖವೂ ಆಗಲಿಲ್ಲ. ಇಷ್ಟವಾದದ್ದನ್ನು ಬಿಡುವಾಗಲೂ ಏನೂ ಅನಿಸದಿರುವುದು ಒಳ್ಳೆಯ ಲಕ್ಷಣವಲ್ಲವೆಂದು ಈಗ ತಿಳಿಯುತ್ತದೆ.

ಇನ್ನು ರಾಚಪ್ಪ ಸಾವಕಾರರ ವಿಷಯ. ಇವರು ಪೇಟೆಯಲ್ಲಿ ಅಡತಿ ವ್ಯಾಪಾರಿಗಳು, ಎಂದರೆ ರೈತರ ಮಾಲನ್ನು ತಮ್ಮ ಅಂಗಡಿಯ ಕಟ್ಟೆಯ ಮೇಲೆ ಹಾಕಿಸಿಕೊಂಡು ಖರೀದಿದಾರರಿಗೆ ಮಾರಿಕೊಡುವವರು. ಅಂಗಡಿ ನಮ್ಮ ಕೇಂದ್ರದಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ನಾವು ಒಬ್ಬರನ್ನೊಬ್ಬರು ನೋಡಿದವರಲ್ಲ. ದಿನಕ್ಕೆ ಅನೇಕ ಸಲ ದನಿಯಲ್ಲಿ ಮಾತ್ರ ಭೇಟಿ. ಬೋರ್ಡಿನ ಮೇಲೆ ಅವರ ಮುಚ್ಚಳ ಬಿದ್ದರೆ ನಾನು ಹೆಡ್‌ಫೋನನ್ನು ಕಿವಿಯಿಂದ ಸ್ವಲ್ಪ ದೂರ ಸರಿಸಿಕೊಳ್ಳುತ್ತಿದ್ದೆ.

“ಬಾಯಾರ, ಗುಲಬರ್ಗಾಕ್ಕ ಅರ್ಜೆಂಟ್ ಹಚ್ರಿ. ಅರ್ಜೆಂಟ್ ಅಂದ್ರ ನನ್ನ ಅರ್ಜೆಂಟ್, ನಿಮ್ಮ ಇಲಾಖೆದಲ್ಲ.”

“ಲೈನ್ ಖಾಲಿ ಇಲ್ರಿ ಸಾವಕಾರ್ರ. ನಿಮ್ಮ ಮುಂದ ಇನ್ನೂ ಮಂದಿ ಪಾಳಿ ಹಚ್ಯಾರ.”

“ಪಾಳಿ ನಿಂದ್ರಾಕ ನಾ ಏನ್ ಸೀಮಿಎಣ್ಣಿ ಡಬ್ಬಿ ಹಿಡದೀನೇನ್ರಿ? ಇಲ್ಲಿ ದರ ಇಳ್ಯಾಕತ್ತದ!”

ಹಂಗಾಮು ಏರಿದಂತೆ ನನ್ನ ಕೆಲಸ ಕೆಟ್ಟಿತು. ಸೊಲ್ಲಾಪುರ ಕೇಳಿದವರಿಗೆ ಗುಲಬರ್ಗಾ ಹಚ್ಚಿದೆ. ಒಬ್ಬರ ಮಾತು ಮುಗಿಯುವ ಮೊದಲೇ ವೈರು ಕಿತ್ತೆ. ರಾಚಪ್ಪ ಸಾವಕಾರರು ನನ್ನ ಮೇಲೆ ಮೇಲಧಿಕಾರಿಗಳಿಗೆ ತಕರಾರು ಅರ್ಜಿ ಕೊಟ್ಟರು. ಅದರಲ್ಲಿ ಬರೆದಿದ್ದೆಲ್ಲವೂ ನಿಜವಾಗಿತ್ತು. ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದ್ದಕ್ಕೆ ಕಾರಣವೇನೆಂದು ತಿಳಿಸಬೇಕಾಗಿ ನನಗೆ ನೋಟೀಸು ಬಂತು. ಉತ್ತರವಾಗಿ ರಾಜೀನಾಮೆಯನ್ನೇ ಕೊಟ್ಟರೆ ಕಾರಣ ಹೇಳುವ ಶ್ರಮವೂ ಉಳಿಯುತ್ತದೆ ಎಂದು ನಾನು ಯೋಚಿಸಿದೆ.

ಅದಾದ ಕೆಲವೇ ದಿನಗಳಲ್ಲಿ, ಸಂಕ್ರಾಂತಿ ಕಳೆದ ವಾರವಿರಬೇಕು, ಈ ಕೆಳಗಿನ ಸಂಗತಿ ನಡೆಯಿತು. ಸಮಯ ಹತ್ತು ಗಂಟೆಯ ಸುಮಾರು. ಲೈನ್‌ಮನ್ ಸೊನ್ನ ಎಂಬ ಹಳ್ಳಿಯ ಕಡೆಯ ತಂತಿ ನೋಡಲು ಹೋಗಿದ್ದರಿಂದ ನಾನೊಬ್ಬಳೇ ಇದ್ದೆ. ಬೋರ್ಡಿನ ನಂಬರುಗಳು ಒಂದರ ಮೇಲೊಂದು ಸರಿದಂತೆ ಕಾಣುತ್ತಿದ್ದವು. ಕುಪ್ಪಸ ಬೆವರಿನಿಂದ ಒದ್ದೆಯಾಗಿತ್ತು. ಆಗ ಸಾವಕಾರರ ಮುಚ್ಚಳ ಬಿತ್ತು.

“ಗುಲಬರ್ಗಾ ಹಚ್ರಿ ಬಾಯಾರ, ಜಲ್ದಿ.”

“ನಂಬರ್ ಹೇಳ್ರಿ.”

“ಹೇಳಿದೆ ಅಲ್ರಿ ಈಗ, ಗುಲಬರ್ಗಾ.”

“ನಂಬರ್ ಹೇಳ್ರಿ.”

“ಏನ್ರಿ ಇದು, ರಿಕಾಡ್ ಹಚ್ಚಿಟ್ಟೀರೇನು? ಇಲ್ಲಿ ಕಟ್ಟಿ ತುಂಬ ತೊಗರಿ ಬಿದ್ದದ, ಮಂದಿ ನಿಂತಾರ...”

“ನಿಮ್ಮ ತೊಗರಿ ನೀವೇ ತಿನ್ರಿ!” ಎಂದು ನಾನು ಕಿರುಚಿದೆ.

ನನ್ನ ಸೇವೆಯಲ್ಲಿ ಅದುವರೆಗೆ ಯಾವ ಗಿರಾಕಿಗೂ ನಾನು ಏರುದನಿಯಲ್ಲಿ ಮಾತಾಡಿರಲಿಲ್ಲ. ಆ ಮಾತು ನನ್ನ ಬಾಯಿಂದ ಬಂದಿತೆಂಬುದೇ ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇನ್ನು ಇವರು ನೇರವಾಗಿ ಗುಲಬರ್ಗಾಕ್ಕೇ ಹೋಗಿ ತಕರಾರು ಹೇಳುವರು ಎಂದುಕೊಂಡೆ. ಆದರೆ ಕೇಳಿಬಂದ ದನಿ ಬೇರೆಯೇ ಆಗಿತ್ತು. ಅವರು ಅಷ್ಟು ಮೆಲ್ಲಗೆ ಮಾತಾಡಬಲ್ಲರೆಂದು ನಾನು ತಿಳಿದಿರಲಿಲ್ಲ.

“ತಂಗಿ, ಮೈಯೆಲ್ಲ ಬೆವರು ಬರಾಕತ್ತದೇನು?”

“ಹೌದ್ರಿ.”

“ಕೈ ನಡಗಾಕತ್ತಾವೇನು?”

“ಹೌದ್ರಿ. ನಿಮಗ್ಯಾಂಗ ಗೊತ್ತು?”

“ಸಕ್ರಿ ಗುಳಿಗಿ ತಗೋತೀ ಹೌದಿಲ್ಲೋ? ಮುಂಜಾನಿಂದ ಏನ್ ತಿಂದಿ?”

“ಪೂಜಿ ಆಗಿಲ್ರಿ,” ಎಂದೆ. ಅದೇ ಪೂರ್ತಿ ಉತ್ತರವೆಂದು ನನಗನಿಸಿತ್ತು.

ಅವರು ಫೋನನ್ನು ಇಡಲೂ ಇಲ್ಲ. ಅದು ಕಟ್ಟೆಯ ಮೇಲೆ ಬಿದ್ದ ಸದ್ದು ನನ್ನ ಕಿವಿಗೆ ಬಡಿಯಿತು. ಎಷ್ಟು ಹೊತ್ತಾಯಿತೋ ತಿಳಿಯದು. ಬಾಗಿಲಲ್ಲಿ ಒಬ್ಬ ಕುಳ್ಳಗಿನ, ದಪ್ಪ ಮೀಸೆಯ ಹಿರಿಯರು ಏದುಸಿರು ಬಿಡುತ್ತ ನಿಂತಿದ್ದರು. ಒಂದು ಕೈಯಲ್ಲಿ ಧೋತರದ ಚುಂಗು, ಇನ್ನೊಂದು ಕೈಯಲ್ಲಿ ಬೆಲ್ಲದ ಹೆಂಟೆ. ಅಷ್ಟು ದೊಡ್ಡ ದನಿ ಇಷ್ಟು ಸಣ್ಣ ಆಳಿನದೇ ಎಂದು ಆ ಸ್ಥಿತಿಯಲ್ಲಿಯೂ ನನಗೆ ಆಶ್ಚರ್ಯವಾಯಿತು.

“ಒಳಗ ಬರಂಗಿಲ್ರಿ,” ಎಂದೆ. “ಬಾಗಲಿಗಿ ಬೋರ್ಡ್ ಹಾಕ್ಯಾರ.”

“ನನಗೂ ಓದಾಕ ಬರ್ತದ. ಬಾಯಿ ತಗಿ.”

“ಪೂಜಿ ಆಗಿಲ್ರಿ ಸಾವಕಾರ್ರ. ಇಲ್ಲೀತನ ಒಂದು ದಿನಾನೂ ನಾ...”

ಅವರು ತಮ್ಮ ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಲಿಂಗವನ್ನು ಹೊರಗೆ ತೆಗೆದು ತೋರಿಸಿದರು. “ನನಗೂ ಅದ ನೋಡು. ಲಿಂಗ ಎದಿ ಮ್ಯಾಲ ಅದ, ಎಲ್ಲಿ ಹೋಗ್ತದ? ಹೋಗಾಕಿ ನೀ ಇದ್ದಿ. ನೀ ಹೋದ್ರ ಅದಕ್ಕ ಪೂಜಿ ಮಾಡವ್ರು ಯಾರು? ತಿನ್ನು.”

ನಾನು ಸೆರಗಿನ ಮೇಲಿಂದಲೇ ಲಿಂಗವನ್ನು ಮುಟ್ಟಿಕೊಂಡು, ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲಿ ಬೋರ್ಡಿನ ಮೇಲೆ ಮುಚ್ಚಳಗಳು ಒಂದೊಂದಾಗಿ ಬೀಳುತ್ತಿದ್ದವು. ಸಾವಕಾರರು ಹೆಡ್‌ಫೋನನ್ನು ಎತ್ತಿಕೊಂಡು, ಯಾವ ನಂಬರಿಗೂ ವೈರು ಚುಚ್ಚದೆ, “ಏ, ಬಾಯಾರಿಗಿ ಆರಾಮಿಲ್ಲ! ಜರಾ ತಡೀರಿ ಎಲ್ಲಾರೂ!” ಎಂದು ಅದರೊಳಗೆ ಕೂಗಿದರು. ಫೋನಿನಲ್ಲಿ ಅದು ಯಾರಿಗೂ ಕೇಳಿಸಿರುವುದಿಲ್ಲ. ಪೇಟೆಗೆ ನೇರವಾಗಿ ಕೇಳಿಸಿರಬಹುದು.

ಹತ್ತು ಹದಿನೈದು ನಿಮಿಷಗಳಲ್ಲಿ ನಂಬರುಗಳು ತಮ್ಮ ತಮ್ಮ ಸ್ಥಾನಗಳಿಗೆ ಮರಳಿದವು. ಸಾವಕಾರರು ಬೆಂಚಿನ ಮೇಲೆ ಕುಳಿತು, ಗುಳಿಗೆ ಎಷ್ಟಕ್ಕೆ, ಊಟ ಎಷ್ಟಕ್ಕೆ ಎಂದು ವಿಚಾರಿಸಿದರು. ನಾನು ಹೇಳಿದಾಗ ಹಣೆ ಹಣೆ ಬಡಿದುಕೊಂಡರು.

“ಊಟಕ್ಕ ಮುಂಚೆ ಅಂದ್ರ ರೊಟ್ಟಿ ಹಂಚಿನ ಮ್ಯಾಲ ಇದ್ದಾಗ ತಂಗಿ, ಜ್ವಾಳ ಇನ್ನೂ ಹೊಲದಾಗ ಇದ್ದಾಗ ಅಲ್ಲ! ಖಾಲಿ ಹೊಟ್ಟಿಲೆ ಇದ್ರ ಗುಳಿಗಿ ಮೈಯಾಗಿನ ಸಕ್ರಿ ಪೂರಾ ಇಳಸಿಬಿಡ್ತದ. ನಂದೂ ಇದೇ ಹಕೀಕತ್ತು. ಗುಳಿಗಿ ನುಂಗಿ, ದರ ಕೂಗೋ ಗದ್ದಲದಾಗ ಊಟ ಮರತು, ಕಟ್ಟಿ ಮ್ಯಾಲಿಂದ ಚೀಲ ಬಿದ್ದಂಗ ಬಿದ್ದಿದ್ದೆ.”

“ಮಂದಿ ಏನಂದ್ರು?”

“ಏನಂತಾರ? ರಾಚಪ್ಪ ತೊಗರಿಯೊಳಗ ಮುಳುಗಿದ ಅಂದ್ರು. ಅದಕ್ಕ ನಾ ಯಾರ ಮುಂದೂ ಹೇಳಂಗಿಲ್ಲ. ಬ್ಯಾನಿ ಅಂತ ಒಂದೇ ಅಲ್ಲ, ಒಮ್ಮೊಮ್ಮೆ ಏನೂ ಬ್ಯಾಡ ಅನಸ್ತದ, ಗೋಡಿ ಕಡಿ ಮುಖ ಮಾಡಿ ಕುಂಡ್ರಬೇಕು ಅನಸ್ತದ. ಆದ್ರ ಸಾವಕಾರಗ ಬ್ಯಾಸರ ಆಗ್ಯದ ಅಂದ್ರ ಊರು ದಿವಾಳಿ ಅಂತದ. ಅದಕ್ಕ ಒದರ್ತೇನಿ. ಒದರವನಿಗಿ ಬ್ಯಾಸರ ಅದ ಅಂತ ಯಾರೂ ಅನ್ನಂಗಿಲ್ಲ.”

ದೀಪಾವಳಿಯಿಂದ ನಾನು ಹೊತ್ತುಕೊಂಡು ತಿರುಗುತ್ತಿದ್ದ, ಹೆಸರಿಲ್ಲದ ಆ ಸ್ಥಿತಿಯನ್ನು ಇನ್ನೊಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ಅವರು ಮುಖ ತಿರುಗಿಸಿ, ಕಿಟಕಿಯ ಹೊರಗೆ ಯಾರೋ ಕರೆದಂತೆ ನೋಡುತ್ತ ನಿಂತರು. ಹೋಗುವಾಗ ಬಾಗಿಲಲ್ಲಿ ತಿರುಗಿ, “ಆ ಅರ್ಜಿ ನಾ ವಾಪಸ್ ತಗೋತೇನಿ. ಆದ್ರ ಗುಲಬರ್ಗಾ ಕಾಲ್ ಮಾತ್ರ ಇನ್ನೂ ಬಾಕಿ ಅದ, ನೆನಪಿರಲಿ” ಎಂದರು.

ಮನೆಗೆ ಬಂದು ಅತ್ತೆಯವರಿಗೆ ನಡೆದುದೆಲ್ಲವನ್ನೂ ಹೇಳಿದೆ. ಪೂಜೆಗೆ ಮುಂಚೆ ಬೆಲ್ಲ ತಿಂದದ್ದನ್ನು ಕೊನೆಯಲ್ಲಿ, ತಲೆ ತಗ್ಗಿಸಿ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು, ಮೊರವನ್ನು ಕೆಳಗಿಟ್ಟರು.

“ಮಳೆಗಾಲದಿಂದ ನೀ ಖಾಲಿ ಹೊಟ್ಟಿಲೆ ಗುಳಿಗಿ ನುಂಗಿ ಹೋಗಾಕತ್ತಿದ್ದಿ?”

“ಹೌದ್ರಿ ಅತ್ತಿ.”

“ನನ್ನ ಮಾತಿನ ಸಲುವಾಗಿ?”

ಅವರು ಮತ್ತೆ ಮೊರ ತೆಗೆದುಕೊಂಡು ಒಂದೆರಡು ಸಲ ಕೇರಿ, “ಅಡ್ಡಿಯಿಲ್ಲ. ನಾಳಿಂದ ನಿನ್ನ ಲಿಂಗಕ್ಕೂ ನಸುಕಿನ ಡ್ಯೂಟಿ ಹಚ್ಚು” ಎಂದರು. ಮರುದಿನ ನಾನು ಏಳುವಷ್ಟರಲ್ಲಿ ಹಿಂದಿನ ಸಂಜೆಯೇ ತುಂಬಿಟ್ಟ ನೀರು ಹಂಡೆಯಲ್ಲಿ ಕಾದಿತ್ತು. ಪೂಜೆ ಮುಗಿಸಿ ಕಣ್ಣು ತೆರೆದರೆ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. “ಈಗ ನುಂಗು ಗುಳಿಗಿ,” ಎಂದರು. ಆ ನಂತರ ನಾನು ಅಫಜಲಪುರದಲ್ಲಿ ಇದ್ದಷ್ಟು ವರ್ಷವೂ ಅವರು ನನಗಿಂತ ಮೊದಲು ಎದ್ದರು.

ಅದೇ ವಾರ ರಜೆ ಹಾಕಿ ಗುಲಬರ್ಗಾದ ಡಾಕ್ಟರರ ಬಳಿಗೆ ಹೋಗಿ, ಈ ಸಲ ಎಲ್ಲವನ್ನೂ ವಿವರವಾಗಿ ಹೇಳಿದೆ. ಅವರು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ನುಂಗಿದ ಅರ್ಧ ಗಂಟೆಯೊಳಗೆ ಉಣ್ಣಲೇಬೇಕು, ಡ್ಯೂಟಿಯ ನಡುವೆಯೂ ಏನನ್ನಾದರೂ ತಿನ್ನಬೇಕು, ಚೀಲದಲ್ಲಿ ಬೆಲ್ಲ ಇಟ್ಟುಕೊಂಡಿರಬೇಕು, ಸಂಜೆ ನಡೆಯಬೇಕು ಎಂದರು. ನಾನು ಏಳುವಾಗ ಸಂಕೋಚಪಟ್ಟು ಮನಸ್ಸಿನ ವಿಷಯವನ್ನೂ ಹೇಳಿದೆ. “ಸಕ್ರಿ ಇದ್ದವ್ರಿಗೆ ಮನಸ್ಸು ಕುಗ್ಗೋದು ಹೊಸಾದೇನಲ್ಲಮ್ಮ,” ಎಂದರು. “ಕಾಲಿಗಿ ಹುಣ್ಣಾದ್ರ ತೋರಸ್ತೀರಿ, ಇದನ್ನ ಮುಚ್ಚಿಡ್ತೀರಿ. ಇದನ್ನೂ ತೋರಸ್ಬೇಕು. ಕಡಿಮಿ ಆಗದಿದ್ರ ಇದಕ್ಕೂ ಡಾಕ್ಟ್ರು ಅದಾರ, ನಾನೇ ಕಳಸ್ತೇನಿ.”

ಬೆವರು, ನಡುಕ ಕೆಲವೇ ದಿನಗಳಲ್ಲಿ ನಿಂತವು. ಬೇಸರ ನಿಲ್ಲಲಿಲ್ಲ. ಇದನ್ನು ಸ್ಪಷ್ಟವಾಗಿ ನಮೂದಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಕಾರಣ ಗೊತ್ತಾದೊಡನೆ ಎಲ್ಲವೂ ಸರಿಯಾಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಜೀವ ಇರುವ ತನಕ ಈ ಬ್ಯಾನಿ ಇರುತ್ತದೆಂಬ ಮಾತು ಕೆಲವು ದಿನ ಎದ್ದೊಡನೆ ಎದೆಯ ಮೇಲೆ ಬಂದು ಕುಳಿತುಕೊಳ್ಳುತ್ತಿತ್ತು. ಅಂಥ ದಿನ ನಾನು ದೊಡ್ಡ ಕೆಲಸಗಳನ್ನು ಯೋಚಿಸುತ್ತಿರಲಿಲ್ಲ. ಬೋರ್ಡಿನ ಮೇಲೆ ಎಷ್ಟೇ ಮುಚ್ಚಳಗಳು ಬಿದ್ದಿದ್ದರೂ ಕೈ ಚುಚ್ಚುವುದು ಒಂದು ನಂಬರಿಗೆ ತಾನೇ. ಹಾಗೆಯೇ ಸ್ನಾನ, ಆಮೇಲೆ ಪೂಜೆ, ಆಮೇಲೆ ರೊಟ್ಟಿ. ಸಂಜೆ ಅತ್ತೆಯವರು, “ನಡಿ, ನನಗ ಮೊಣಕಾಲ್ ಹಿಡ್ಯಾಕತ್ತಾವ, ಜರಾ ಅಡ್ಡಾಡಿ ಬರೂಣು” ಎಂದು ತಮ್ಮ ನೆಪದಲ್ಲಿ ನನ್ನನ್ನು ಹೊಲಗಳ ತನಕ ನಡೆಸಿಕೊಂಡು ಹೋಗುತ್ತಿದ್ದರು. ಮಗಳು ಮುಂದೆ ಓಡುತ್ತಿದ್ದಳು. ದಾರಿಯಲ್ಲಿ ಸಿಕ್ಕವರು ಕೊಟ್ಟ ಹಸಿ ತೊಗರಿಕಾಯಿಯನ್ನು ಅತ್ತೆಯವರು ಉಪ್ಪು ಹಾಕಿ ಕುದಿಸಿ, ಮರುದಿನ ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದರು. ಡ್ಯೂಟಿಯ ನಡುವೆ ನಾನು ಸುಲಿದು ತಿನ್ನುತ್ತಿದ್ದುದು ಅದನ್ನೇ. ಬೋರ್ಡಿನ ಕೋಣೆಗೆಲ್ಲ ಆ ವಾಸನೆ ತುಂಬಿಕೊಂಡಿರುತ್ತಿತ್ತು.

ಸಾವಕಾರರೂ ಒಂದು ಹೊಸ ಪದ್ಧತಿಯನ್ನು ಆರಂಭಿಸಿದ್ದರು. ಮುಚ್ಚಳ ಬಿದ್ದೊಡನೆ, “ಉಂಡಿಯೇನು?” ಎಂದು ಕೇಳಿ, ನಾನು “ಉಂಡೇನ್ರಿ” ಎಂದ ಮೇಲೆಯೇ ಗುಲಬರ್ಗಾಕ್ಕೆ ಬರೆಸುತ್ತ ಒದರಲು ಶುರು ಮಾಡುತ್ತಿದ್ದರು. ಕೆಲವು ದಿನ “ಇವತ್ತು ದನಿ ಸೊಟ್ಟ ಬರಾಕತ್ತದ” ಎನ್ನುವರು. “ಲೈನ್ ಖರಾಬ್ ಅದ್ರಿ” ಎನ್ನುವೆ. “ಹೂಂ, ನನ್ನ ಕಡೀನೂ ಇವತ್ತು ಲೈನ್ ಖರಾಬೇ ಅದ” ಎನ್ನುವರು. ಅಷ್ಟರಿಂದಲೇ ಒಬ್ಬರ ಬೇಸರ ಇನ್ನೊಬ್ಬರಿಗೆ ತಿಳಿಯುತ್ತಿತ್ತು.

ನೋಟೀಸಿಗೆ ಅನಾರೋಗ್ಯದ ಕಾರಣವನ್ನು ಇದ್ದದ್ದು ಇದ್ದಂತೆ ಬರೆದು ಉತ್ತರ ಕೊಟ್ಟೆ. ಅದು ಅಲ್ಲಿಗೇ ಮುಗಿಯಿತು. ಆದರೆ ಯಜಮಾನರಿಗೆ ಕೊಟ್ಟ ಮಾತು ಹಾಗೆಯೇ ಉಳಿದಿತ್ತು. ಕೆಲಸ ಮಾಡುವಷ್ಟು ಕಸುವು ಬಂದಿತ್ತು, ಕೆಲಸ ಬೇಕೆನ್ನುವ ಮನಸ್ಸು ಇನ್ನೂ ಬಂದಿರಲಿಲ್ಲ. ಶಿವರಾತ್ರಿ ಸಮೀಪಿಸಿತು. ಪೇಟೆಯಲ್ಲಿ ತೊಗರಿ ಕಡಿಮೆಯಾಗುತ್ತ ಬಂತು.

ಆ ದಿನಗಳಲ್ಲಿ ಒಂದು ಮುಂಜಾನೆ ಸಾವಕಾರರ ಮುಚ್ಚಳ ಬೀಳಲಿಲ್ಲ. ದರ ಬರುವ ಹೊತ್ತು ಮೀರಿತು. ಅವರ ನಂಬರಿನ ಕಡೆಗೆ ನೋಡುವುದು, ಬೇರೆಯವರಿಗೆ ಹಚ್ಚುವುದು, ಮತ್ತೆ ನೋಡುವುದು. ಕೊನೆಗೆ ನಾನೇ ಅವರ ನಂಬರಿಗೆ ಗಂಟೆ ಬಾರಿಸಿದೆ. ಅವರ ಗುಮಾಸ್ತರು ಎತ್ತಿಕೊಂಡರು.

“ಸಾವಕಾರ್ರು ಒಳಗಿನ ಖೋಲಿಯೊಳಗ ಮಲಗ್ಯಾರ್ರಿ. ಯಾರ ಜೊತಿನೂ ಮಾತಾಡವಲ್ರು. ಮನಿಯಿಂದ ಬುತ್ತಿ ಬಂದದ, ಒಲ್ಲೆ ಅಂತಾರ.”

“ಗುಳಿಗಿ?”

“ಅದನ್ನ ಆಗಲೇ ತಗೊಂಡಾರ್ರಿ.”

ನನ್ನ ಬೆನ್ನಿನಲ್ಲಿ ಹಳೆಯ ಬೆವರು ಮೂಡಿದಂತಾಯಿತು. “ಗುಲಬರ್ಗಾದಿಂದ ಲೈಟ್ನಿಂಗ್ ಕಾಲ್ ಬಂದದ ಅಂತ ಹೇಳ್ರಿ. ಅವ್ರೇ ಬರ್ಬೇಕಂತ, ಜಲ್ದಿ,” ಎಂದೆ. ನಿಯಮದ ಪ್ರಕಾರ ಇದು ಸರಿಯಲ್ಲ. ಹೇಳುವಾಗ ನನ್ನ ದನಿ ಸ್ವಲ್ಪವೂ ನಡುಗಲಿಲ್ಲ.

ಬಹಳ ಹೊತ್ತಿನ ನಂತರ ಎಳೆದ ಹೆಜ್ಜೆಗಳ ಸದ್ದು ಕೇಳಿತು. “ಹಲೋ... ಯಾರ್ರಿ ಗುಲಬರ್ಗಾದವ್ರು?”

“ಗುಲಬರ್ಗಾದವ್ರಲ್ರಿ, ನಾ.”

“ನೀ ಯಾಕ ಹಚ್ಚಿದಿ?”

“ಉಂಡ್ರೇನ್ರಿ?”

ತಂತಿಯೊಳಗಿನ ಗುಂಯ್‌ಗುಡುವ ಸದ್ದು ಮಾತ್ರ. ಆಮೇಲೆ, “ಯಾವ್ದೂ ಬ್ಯಾಡ ಅನಸ್ತದ ತಂಗಿ,” ಎಂದರು. ಆ ದನಿಯಲ್ಲಿ ಒದರುವ ಮನುಷ್ಯನೇ ಇರಲಿಲ್ಲ.

“ಅನಸ್ಲಿ ಬಿಡ್ರಿ. ಬ್ಯಾಡ ಅನಸವ್ರು ಉಣಬಾರ್ದು ಅಂತ ಎಲ್ಲಿ ಬರ್ದದ? ಬುತ್ತಿ ಬಿಚ್ರಿ.”

“ಆತು. ನೀ ಇಡು, ನಾ ಉಣ್ತೇನಿ.”

“ನಾ ಇಡಂಗಿಲ್ರಿ. ಲೈನ್ ಮ್ಯಾಲೇ ಇರ್ತೇನಿ.”

“ಅಲ್ಲಿ ಮಂದಿ ಕಾಯಾಕತ್ತಿರ್ತಾರ.”

“ಕಾಯ್ಲಿ. ಅವ್ರೇನು ಸೀಮಿಎಣ್ಣಿ ಡಬ್ಬಿ ಹಿಡದಿಲ್ಲ.”

ಆ ಕಡೆ ಒಂದು ಸಣ್ಣ ಉಸಿರು ಬಂತು, ನಗುವಿರಬಹುದು. ನಂತರ ಬುತ್ತಿಯ ಗಂಟು ಬಿಚ್ಚಿದ ಸದ್ದು. ನಂತರ ಒಣಗಿದ ಕಟಕ ರೊಟ್ಟಿ ಮುರಿದ ಸದ್ದು. ಆ ಸದ್ದು ನನ್ನ ಕಿವಿಯೊಳಗೇ ಮುರಿದಷ್ಟು ಸ್ಪಷ್ಟವಾಗಿ ಕೇಳಿತು. ನಾನು ಅವರ ವೈರನ್ನು ಹಾಗೆಯೇ ಬಿಟ್ಟು, ಉಳಿದ ವೈರುಗಳಿಂದ ಬಿದ್ದ ಮುಚ್ಚಳಗಳಿಗೆ ಉತ್ತರಿಸುತ್ತ ಹೋದೆ. ನಡುನಡುವೆ ಅವರ ಲೈನಿಗೆ ಮರಳಿ ಕೇಳುವೆ: ಅಗಿಯುತ್ತಿದ್ದರು. ಇನ್ನೊಮ್ಮೆ ಮರಳಿದಾಗ, “ಬ್ಯಾಳ್ಯಾಗ ಉಪ್ಪೇ ಇಲ್ಲ! ಯಾರ್ ಮಾಡ್ಯಾರ ಇದನ್ನ?” ಎಂದು ಗುಮಾಸ್ತರ ಮೇಲೆ ಒದರುತ್ತಿದ್ದರು. ಆಗ ನಾನು ವೈರನ್ನು ತೆಗೆದೆ.

ಶನಿವಾರ ಸಂಜೆ ಯಜಮಾನರು ಬಂದು ಕೈಕಾಲು ತೊಳೆದುಕೊಳ್ಳುತ್ತ, “ಹಂಗಾಮು ಮುಗೀತಲ್ಲ. ಏನ್ ಮಾಡ್ದಿ?” ಎಂದು ಕೇಳಿದರು.

“ಬಿಡಂಗಿಲ್ರಿ,” ಎಂದೆ.

ಅವರು ಟವೆಲ್ಲಿನಿಂದ ಮುಖ ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಒಳಗಿನಿಂದ ಅತ್ತೆಯವರು, “ಆಕಿಗಿ ಏನೂ ಕೇಳಬ್ಯಾಡಪ್ಪ. ಹಂಡೇದಾಗ ನೀರು ತುಂಬು, ನಾಳಿ ನಸುಕಿನ್ಯಾಗ ಡ್ಯೂಟಿ ಅದ” ಎಂದರು. ಯಜಮಾನರು ಕೊಡ ತೆಗೆದುಕೊಂಡು ಹೋದರು.

ಮುಂದೆ ಆ ಬೋರ್ಡಿನ ಬದಲಿಗೆ ತಾನೇ ತಾನಾಗಿ ನಡೆಯುವ ಯಂತ್ರ ಬಂತು. ನನ್ನನ್ನು ಗುಮಾಸ್ತೆಯ ಹುದ್ದೆಗೆ ಹಾಕಿದರು. ನಿವೃತ್ತಿಯ ತನಕ ಸೇವೆಯಲ್ಲಿದ್ದೆ. ಸಾವಕಾರರೂ ಅತ್ತೆಯವರೂ ಈಗಿಲ್ಲ. ಸಕ್ಕರೆ ಇದೆ, ಈಗ ಗುಳಿಗೆಯ ಜೊತೆ ಸೂಜಿಯೂ ಇದೆ. ಏನೂ ಬೇಡವೆನಿಸುವ ದಿನಗಳೂ ಇವೆ. ಜೇವರ್ಗಿಯ ಬಸ್ ನಿಲ್ದಾಣದಲ್ಲಿ ನಾನು ನಿಂತಿದ್ದ ದಿನವೂ ಅಂಥದೇ ಆಗಿತ್ತು. ಮದುವೆಯ ಮನೆಯಲ್ಲಿ ಎಲ್ಲರೂ ನಗುತ್ತಿದ್ದಾಗ ನಾನು ತಲೆನೋವೆಂದು ಹೇಳಿ ಬೇಗ ಹೊರಟು ಬಂದಿದ್ದೆ, ಊಟವನ್ನೂ ಮಾಡಿರಲಿಲ್ಲ.

ಹೆಣ್ಣುಮಗಳು ತೊಗರಿಕಾಯಿಯನ್ನು ಕಾಗದದಲ್ಲಿ ಕಟ್ಟಲು ಹೋದಳು. “ಕಟ್ಟಬ್ಯಾಡವ್ವ, ಇಲ್ಲೇ ತಿಂತೇನಿ,” ಎಂದೆ. ಅವಳು ಸ್ವಲ್ಪ ಸರಿದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು. ನನ್ನ ಬಸ್ಸು ಬಂದು ನಿಂತಿತು. ಮನಸ್ಸಿಗೆ ಬೇಕಿರಲಿಲ್ಲ, ಉಣ್ಣುವ ಹೊತ್ತಾಗಿತ್ತು. ನಾನು ಬಸ್ಸನ್ನು ಹೋಗಲು ಬಿಟ್ಟು, ಕುಳಿತು, ಒಂದೊಂದೇ ಕಾಯಿಯನ್ನು ಸುಲಿದು ತಿಂದೆ.